ಜಗಲಿ ಮನೆಯೋ, ಫ್ಲ್ಯಾಟೋ?

ಬೆಂಗಳೂರಿನಲ್ಲಿ ಹಳೇ ಮನೆ ಕೊಳ್ಳುವುದಾ, ಫ್ಲ್ಯಾಟಾ ಅಂತ ಯೋಚಿಸುತ್ತಿದ್ದೀರಾ? ಚದರಡಿ ಲೆಕ್ಕಕ್ಕೂ ಮೊದಲು, ಆ ಮನೆ ನಿಮ್ಮನ್ನು ಯಾರ ಜೊತೆ ಮಾತಾಡಿಸುತ್ತದೆ ಅಂತ ನೋಡಿ.

1898ರ ಪ್ಲೇಗ್ ಆದಮೇಲೆ, ಗಾಳಿ ಬೆಳಕು ಬೇಕೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಅಲ್ಲಿನ ಎಷ್ಟೋ ಹಳೇ ಮನೆಗಳಿಗೆ ಮುಂದೆ ಜಗಲಿ, ಹಿಂದೆ ಕನ್ಸರ್ವೆನ್ಸಿ ಗಲ್ಲಿ ಅನ್ನುವ ಕಿರಿದಾದ ಓಣಿ. ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರೆ ಹೂವಿನವಳು ನಿಲ್ಲುತ್ತಾಳೆ. ಪಕ್ಕದ ಮನೆಯವರು ಬಂದು ತಾವೂ ನಾಲ್ಕು ಕಾಯಿ ಬಿಡಿಸುತ್ತಾರೆ. ಯಾರನ್ನೂ ಕರೆಯಬೇಕಿಲ್ಲ. ಆದರೆ ಆ ಹಿಂದಿನ ಗಲ್ಲಿ ಇದ್ದದ್ದು ಕಕ್ಕಸು ಬಳಿಯುವವರು ಹಿಂದಿನಿಂದಲೇ ಬಂದು ಹೋಗಲಿ ಎಂದು. ಜಾತಿ ಮನೆಯ ನಕ್ಷೆಯೊಳಗೇ ಸೇರಿಕೊಂಡಿತ್ತು. ಇದನ್ನು ಮರೆಯಬಾರದು.

ಫ್ಲ್ಯಾಟಿನಲ್ಲಿ ಕಾವಲು, ಲಿಫ್ಟ್, ಜನರೇಟರ್ ಇವೆ. ಒಂಟಿಯಾಗಿರುವವರಿಗೆ ದೊಡ್ಡ ಧೈರ್ಯ. ಆದರೆ ಕಾರಿಡಾರ್‌ನಲ್ಲಿ ಸುಮ್ನೆ ನಿಂತು ಮಾತಾಡುವವರು ಕಮ್ಮಿ. ಕೆಲವು ಕಡೆ ಮನೆಗೆಲಸದವರಿಗೆ ಬೇರೆ ಲಿಫ್ಟ್ ಇಟ್ಟಿದ್ದಾರೆ. ಹಳೇ ಗಲ್ಲಿಯೇ ಎದ್ದು ನಿಂತ ಹಾಗಲ್ವಾ? ಮನೆ ನೋಡಲು ಹೋದಾಗ ಇದನ್ನು ಕೇಳಿಯೇ ಕೇಳಿ.

ಮಕ್ಕಳು, ಅಜ್ಜಿ ಇರುವ ಸಂಸಾರವಾದರೆ ನಾನು ಜಗಲಿ ಮನೆಯನ್ನೇ ಹೇಳುತ್ತೇನೆ. ಫ್ಲ್ಯಾಟೇ ಬೇಕಾದರೆ, ಕೆಳಗೆ ಮರದ ನೆರಳಲ್ಲಿ ಕೂರಲು ಕಟ್ಟೆ ಇರುವುದನ್ನು ಹುಡುಕಿ.