ಅಣಕು ನ್ಯಾಯಾಲಯವೋ, ಕಾನೂನು ನೆರವೋ, ಸಂಜೆಯ ಓದೋ?

ಶಿರಸಿಗೆ ಕಾನೂನು ಓದಲು ಬರುವವರಲ್ಲಿ ಸಿದ್ದಾಪುರದ ಹಳ್ಳಿಯವರಿರುತ್ತಾರೆ, ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಬಂದವರೂ ಇರುತ್ತಾರೆ. ಒಂದೇ ಬೆಂಚಿನಲ್ಲಿ ಕುಳಿತ ಮಾತ್ರಕ್ಕೆ ಒಬ್ಬರಿಗೊಬ್ಬರು ಆಗಿಬಿಡುವುದಿಲ್ಲ. ಅದಕ್ಕೊಂದು ಕೂಟ ಬೇಕು. ಯಾವುದಕ್ಕೆ ಸೇರಲಿ ಎಂದು ಹೊಸಬರು ಕೇಳುತ್ತಲೇ ಇರುತ್ತಾರೆ. ಮೂರರಲ್ಲೂ ಇದ್ದು ನೋಡಿದವಳಾಗಿ ಹೇಳುತ್ತಿದ್ದೇನೆ.

ಎಲ್ಲರ ಕಣ್ಣು ಮೊದಲು ಬೀಳುವುದು ಅಣಕು ನ್ಯಾಯಾಲಯದ ಮೇಲೆ, ಅಂದರೆ ಕಲ್ಪಿತ ಮೊಕದ್ದಮೆಯನ್ನು ವಿದ್ಯಾರ್ಥಿಗಳೇ ವಾದಿಸುವ ಸ್ಪರ್ಧೆಯ ಮೇಲೆ. ವಾದಿಸಲು ಇಬ್ಬರು, ಸಂಶೋಧನೆಗೆ ಒಬ್ಬರು. ಲಿಖಿತ ವಾದ ಸಿದ್ಧಪಡಿಸುವ ದಿನಗಳಲ್ಲಿ ಆ ಮೂವರ ನಡುವೆ ಬೆಳೆಯುವ ಸಲಿಗೆ ಗಟ್ಟಿಯಾದದ್ದು. ಪೀಠದಿಂದ ತೂರಿಬರುವ ಪ್ರಶ್ನೆಗೆ ತಡವರಿಸದೆ ನಿಲ್ಲುವುದನ್ನು ನಾನು ಕಲಿತದ್ದು ಅಲ್ಲಿಯೇ. ಆದರೆ ಮೂವರೆಂದರೆ ಮೂವರೇ. ಉಳಿದವರ ಪಾಲಿಗೆ ಜೆರಾಕ್ಸ್ ಮಾಡಿಸಿಕೊಡುವುದು, ಚಪ್ಪಾಳೆ ತಟ್ಟುವುದು. ಅಭ್ಯಾಸ ನಡೆಯುವುದು ಸಂಜೆ. ಊರಿನ ಕೊನೆಯ ಬಸ್ ಹಿಡಿಯಬೇಕಾದವರಿಗೆ ಅದು ದೂರದ ಮಾತು.

ಕಾನೂನು ನೆರವಿನ ಕೆಲಸ ಹಾಗಲ್ಲ, ಅಲ್ಲಿ ಎಷ್ಟು ಕೈಗಳಿದ್ದರೂ ಸಾಲದು. ನಮ್ಮ ಜಿಲ್ಲೆಯಲ್ಲಂತೂ ಅರಣ್ಯ ಜಮೀನಿನ ಪ್ರಶ್ನೆ ಮನೆಮನೆಯದು. 2006ರ ಅರಣ್ಯ ಹಕ್ಕು ಕಾಯ್ದೆಯಂತೆ, ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಅಷ್ಟು ಹಳೆಯ ಕಾಗದ ಯಾರ ಬಳಿ ಇರುತ್ತದೆ? ಕನಿಷ್ಠ ಎರಡು ಸಾಕ್ಷ್ಯ ಬೇಕೆನ್ನುವ ನಿಯಮಗಳು, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಅರ್ಜಿದಾರರೊಬ್ಬರ ಪರವಾಗಿ, ಒಬ್ಬ ಅಜ್ಜನ ಜಗಲಿಯಲ್ಲಿ ಅಂಥ ಹೇಳಿಕೆಯನ್ನೇ ಬರೆದುಕೊಳ್ಳುತ್ತಿದ್ದೆವು. “ಇಸವಿ ಗೊತ್ತಿಲ್ಲ ತಂಗೀ. ಅವರ ಮನೆಯ ಬಾವಿ ತೋಡುವಾಗ ಮಣ್ಣು ಹೊತ್ತಿದ್ದೇನೆ, ಆಗ ನನಗಿನ್ನೂ ಮೀಸೆ ಬಂದಿರಲಿಲ್ಲ” ಎಂದರು. ಬರೆದದ್ದನ್ನು ಓದಿ ಹೇಳಿದಾಗ, “ಗದ್ದೆ ಆಮೇಲೆ, ಮನೆ ಮೊದಲು” ಎಂದು ತಿದ್ದಿಸಿ, ನಂತರವೇ ಹೆಬ್ಬೆಟ್ಟು ಒತ್ತಿದರು. ಪಠ್ಯದಲ್ಲಿ ಓದಿದ್ದ ಸಾಕ್ಷ್ಯದ ಪಾಠ ನನಗೆ ಮನದಟ್ಟಾದದ್ದು ಆ ಜಗಲಿಯಲ್ಲಿ.

ಕಾರವಾರದ ಕಡೆಯ ಶಿಬಿರವೊಂದರಲ್ಲಿ ಮೀನು ಮಾರುವ ಹೆಂಗಸರು ಕೊಂಕಣಿಯಲ್ಲಿ ಮಾತನಾಡತೊಡಗಿದಾಗ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾದೆವು. ತರಗತಿಯಲ್ಲಿ ಬಾಯಿ ಬಿಡದಿದ್ದ ಸಹಪಾಠಿಯೊಬ್ಬಳು ಮುಂದೆ ಬಂದು, ಆದಾಯ ಎಷ್ಟೇ ಇರಲಿ ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರೆಂದು, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮನ್ನು ಅವರ ಮಾತಿನಲ್ಲೇ ಬಿಡಿಸಿ ಹೇಳಿದಳು. ಅವಳ ಬಗ್ಗೆ ನಮಗಿದ್ದ ಗೌರವ ಅಂದಿನಿಂದ ಬೇರೆಯೇ ಆಯಿತು. ಇಂಥದ್ದು ಅಣಕು ನ್ಯಾಯಾಲಯದಲ್ಲಿ ಆಗುವುದನ್ನು ನಾನು ಕಾಣಲಿಲ್ಲ. ಹಾಗೆಂದು ಎಲ್ಲ ಶಿಬಿರಗಳೂ ಹೀಗಲ್ಲ. ಬ್ಯಾನರ್ ಕಟ್ಟಿ, ಭಾಷಣ ಮಾಡಿ, ಫೋಟೊ ತೆಗೆಸಿಕೊಂಡು ಬರುವವೂ ಇವೆ. ಕೊಟ್ಟ ಅರ್ಜಿ ಏನಾಯಿತೆಂದು ಮತ್ತೆ ಹೋಗಿ ವಿಚಾರಿಸುವ ಗುಂಪನ್ನೇ ಹುಡುಕಿ.

ಸಂಜೆಯ ಓದಿನ ಕೂಟಕ್ಕೆ ಒಂದು ಬಾಡಿಗೆ ಕೋಣೆ, ಕಷಾಯ, ಒಂದಿಷ್ಟು ಅವಲಕ್ಕಿ ಸಾಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಇದರ ಬೆಲೆ ಹೆಚ್ಚಿದೆ: ಹಳೆಯ ಭಾರತೀಯ ದಂಡ ಸಂಹಿತೆಯ 511 ಕಲಮುಗಳ ಜಾಗದಲ್ಲಿ 358, ಕೊಲೆಯ ಶಿಕ್ಷೆಯ 302 ಈಗ 103, ವಂಚನೆಯ 420 ಈಗ 318. ಒಬ್ಬರು ಹಳೆಯದನ್ನು, ಇನ್ನೊಬ್ಬರು ಹೊಸದನ್ನು ಹಿಡಿದು ಕುಳಿತರೆ ಬೇಗ ತಲೆಗೆ ಹತ್ತುತ್ತದೆ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಪೂರ್ತಿ ಕನ್ನಡದಲ್ಲೇ ಉತ್ತರಿಸಲು ಅವಕಾಶವಿರುವುದರಿಂದ, ಕನ್ನಡ ಮಾಧ್ಯಮದವರಿಗೆ ಇಷ್ಟು ಆಸರೆಯ ಜಾಗ ಇನ್ನೊಂದಿಲ್ಲ. ತೊಂದರೆಯೆಂದರೆ, ಪರೀಕ್ಷೆ ಮುಗಿಯುತ್ತಲೇ ಕೂಟ ಚದುರುತ್ತದೆ.

ಮೊದಲ ವರ್ಷದವರಿಗೆ ನನ್ನ ಸಲಹೆ ನೆರವಿನ ಗುಂಪು, ಜೊತೆಗೆ ಓದಿನ ಕೂಟ. ಅಣಕು ನ್ಯಾಯಾಲಯಕ್ಕೆ ಎರಡನೇ ವರ್ಷ ಹೆಸರು ಕೊಟ್ಟರೂ ತಡವಲ್ಲ. ತಂಡ ಕಟ್ಟುವ ಹಿರಿಯರಲ್ಲಿ ಒಂದು ಕೋರಿಕೆ: ಅಭ್ಯಾಸವನ್ನು ಮಧ್ಯಾಹ್ನಕ್ಕೆ ತನ್ನಿ, ಬಸ್ಸಿನವರೂ ಬರಲಿ.