ಹೆಂಚಿನ ಮಣ್ಣಿಗೆ ಯಾವ ಪರೀಕ್ಷೆ: ಎಕ್ಸ್‌ಆರ್‌ಎಫ್ಫೋ, ಎಕ್ಸ್‌ಆರ್‌ಡಿಯೋ?

ಸಾಗರ, ತೀರ್ಥಹಳ್ಳಿ ಕಡೆಯ ಜೇಡಿಮಣ್ಣಿನಿಂದ ಹೆಂಚು ಮಾಡಬೇಕು ಅಂತಿದ್ದೀರಾ? ಸುಮ್ನೆ ದುಡ್ಡು ಕಟ್ಟುವ ಮೊದಲು ಈ ಎರಡರ ವ್ಯತ್ಯಾಸ ನೋಡಿ. ಎರಡೂ ಎಕ್ಸ್-ರೇ ಬಿಟ್ಟು ಮಣ್ಣಿನಲ್ಲಿ ಏನಿದೆ ಅಂತ ನೋಡುವ ಲ್ಯಾಬ್ ಪರೀಕ್ಷೆಗಳು.

ಎಕ್ಸ್‌ಆರ್‌ಎಫ್‌ನಲ್ಲಿ ಸಿಲಿಕಾ, ಅಲ್ಯೂಮಿನಾ, ಕಬ್ಬಿಣ ಶೇಕಡಾ ಎಷ್ಟೆಷ್ಟು ಅಂತ ಸಿಗುತ್ತದೆ. ಕೆಲಸ ಬೇಗ. ನಮ್ಮದು ಜಂಬಿಟ್ಟಿಗೆಯ ನೆಲ, ಕಬ್ಬಿಣ ಜಾಸ್ತಿ. ಸುಟ್ಟ ಹೆಂಚು ಎಷ್ಟು ಕೆಂಪಾದೀತು ಅನ್ನುವ ಅಂದಾಜು ಆ ಅಂಕಿಯಿಂದಲೇ ಬರುತ್ತದೆ.

ಆದರೆ ಸಿಲಿಕಾ ಜಾಸ್ತಿ ಅಂದರೆ ಅದು ಮರಳಿನದೋ, ಜೇಡಿಯದೋ? ಅದನ್ನು ಎಕ್ಸ್‌ಆರ್‌ಎಫ್ ಹೇಳುವುದಿಲ್ಲ. ಎಕ್ಸ್‌ಆರ್‌ಡಿ ಖನಿಜವನ್ನೇ ಗುರುತಿಸುತ್ತದೆ. ತಾಮ್ರದ ಎಕ್ಸ್-ರೇ ಟ್ಯೂಬಿನ ಯಂತ್ರದಲ್ಲಿ ಸುಮಾರು 12.3 ಡಿಗ್ರಿ ಕೋನದ ಹತ್ತಿರ ನಕ್ಷೆಯಲ್ಲಿ ಚೂಪಾದ ಗೆರೆ ಎದ್ದು, ಮಣ್ಣನ್ನು 550 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಮಾಯವಾದರೆ ಅದು ಬಹುತೇಕ ಕೆಯೊಲಿನೈಟ್ ಎಂಬ ಜೇಡಿ ಖನಿಜ. ಹೆಂಚಿಗೆ ಒಳ್ಳೆಯ ಸುದ್ದಿ. ಇನ್ನೊಂದು ಸ್ಮೆಕ್ಟೈಟ್, ನೀರು ಕುಡಿದು ಉಬ್ಬುವ ಜೇಡಿ ಖನಿಜ. ಗ್ಲೈಕಾಲ್ ಎಂಬ ದ್ರವ ಕುಡಿಸಿದರೆ ಅದರ ಪದರಗಳ ಅಂತರ ಸುಮಾರು 17 ಆಂಗ್‌ಸ್ಟ್ರಾಮ್‌ಗೆ ಹಿಗ್ಗುತ್ತದೆ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ). ಇದು ಜಾಸ್ತಿ ಇದ್ದರೆ ಹಸಿ ಹೆಂಚು ನೆರಳಲ್ಲಿಟ್ಟರೂ ಒಣಗುವಾಗ ಬಿರುಕು ಬಿಡಬಹುದು. ಅಷ್ಟು ಕಷ್ಟಪಟ್ಟು ಮಾಡಿದ ಮಾಲು ಅದು, ಹೊಟ್ಟೆ ಉರಿಯುತ್ತದೆ ಅಲ್ವಾ?

ಎಕ್ಸ್‌ಆರ್‌ಡಿಯ ಕೊರತೆ ಅಂದರೆ, ಯಾವ ಖನಿಜ ಎಷ್ಟಿದೆ ಅನ್ನುವ ಪ್ರಮಾಣ ಅಷ್ಟು ನಿಖರವಲ್ಲ.

ಹೊಸ ಗುಂಡಿಯ ಮಣ್ಣಾದರೆ ಮೊದಲು ಎಕ್ಸ್‌ಆರ್‌ಡಿ ಮಾಡಿಸಿ ಅಂತಲೇ ನಾನು ಹೇಳುವುದು. ಅದೇ ಗುಂಡಿಯಿಂದ ಬರುವ ಪ್ರತಿ ಲೋಡಿಗೆ ಎಕ್ಸ್‌ಆರ್‌ಎಫ್ ಸಾಕು. ಎಕ್ಸ್‌ಆರ್‌ಡಿ ಮಾಡಿಸುವಾಗ ಗ್ಲೈಕಾಲ್ ಪರೀಕ್ಷೆಯೂ ಬೇಕು ಅಂತ ಬಾಯಿಬಿಟ್ಟು ಕೇಳಿ.