ರಾಜಿ ಆದ ಮೇಲೂ ಬರುವ ಕರೆಗಳು: ಲೋಕ ಅದಾಲತ್‌ನಲ್ಲಿ ಸಾಲ ಇತ್ಯರ್ಥ ಮಾಡಿಕೊಂಡ ಅನುಭವದ ವಿಮರ್ಶೆ

ಕಾರವಾರದ ಬೈತಖೋಲ್ ಬಂದರಿನಲ್ಲಿ ಬೆಳಗಿನ ಜಾವ ಮೀನು ಕೊಂಡು, ಐಸ್ ಹಾಕಿದ ಕ್ರೇಟುಗಳಲ್ಲಿ ತುಂಬಿ, ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಮುಟ್ಟಿಸುವುದು ನನ್ನ ಕಸುಬು. ಘಟ್ಟದಲ್ಲಿ ರಸ್ತೆ ಕಾಮಗಾರಿ ನಡೆಯುತ್ತಿದ್ದ ದಿನಗಳಲ್ಲಿ ಯಲ್ಲಾಪುರದ ಮೇಲೆ ಸುತ್ತಿ ಹೋಗಬೇಕಾಗಿ ಬಂದು, ಡೀಸೆಲ್ ಖರ್ಚು ಏರಿ, ತಡವಾಗಿ ತಲುಪಿದ ಮೀನು ಅರ್ಧ ಬೆಲೆಗೆ ಹೋಗಿ, ವ್ಯಾಪಾರಕ್ಕೆಂದು ಒಂದು ಖಾಸಗಿ ಫೈನಾನ್ಸ್ ಕಂಪನಿಯಿಂದ ಆಧಾರವಿಲ್ಲದೆ ಪಡೆದಿದ್ದ ಸಾಲದ ಕಂತುಗಳು ಒಂದರ ಹಿಂದೆ ಒಂದು ತಪ್ಪಿದವು. ಕಂಪನಿಯ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಬಡ್ಡಿ, ದಂಡ ಎಲ್ಲ ಸೇರಿ ಅವರು ಕೇಳುತ್ತಿದ್ದುದು 3,42,000 ರೂಪಾಯಿ. ಅದು ಕಾರವಾರದಲ್ಲಿ ನಡೆದ ರಾಷ್ಟ್ರೀಯ ಲೋಕ ಅದಾಲತ್‌ನಲ್ಲಿ 2,20,000ಕ್ಕೆ ಇತ್ಯರ್ಥವಾಯಿತು. ಇತ್ಯರ್ಥಕ್ಕೆ ಹಿಡಿದದ್ದು ಅರ್ಧ ಗಂಟೆ. ಆಮೇಲೆ ಬರುತ್ತಲೇ ಇದ್ದ ಕರೆಗಳನ್ನು ನಿಲ್ಲಿಸಲು ಹಿಡಿದದ್ದು ಎರಡು ತಿಂಗಳು. ಈ ಬರಹದ ಹೆಚ್ಚಿನ ಭಾಗ ಆ ಎರಡು ತಿಂಗಳಿಗೆ ಸಂಬಂಧಿಸಿದ್ದು.

ಮೊದಲು ಅದಾಲತ್‌ನ ವಿಷಯ. ಕೇಸು ಇನ್ನೂ ಕೋರ್ಟಿಗೆ ಹೋಗದೆ ಇರುವಾಗಲೇ, ಅಂದರೆ ವ್ಯಾಜ್ಯಪೂರ್ವ ಪ್ರಕರಣವಾಗಿಯೇ, ಸಾಲದ ವಿವಾದವನ್ನು ಅಲ್ಲಿಗೆ ಒಯ್ಯಬಹುದು. ನಯಾಪೈಸೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂಬ ಕಡ್ಡಾಯವೂ ಇಲ್ಲ. ಮೇಜಿನ ಆಚೆ ಕುಳಿತಿದ್ದ ನ್ಯಾಯಾಧೀಶರು ನನ್ನನ್ನು ಕೇಳಿದ ಮೊದಲ ಪ್ರಶ್ನೆ "ಎಷ್ಟು ಕೊಡುತ್ತೀರಿ" ಎಂಬುದಲ್ಲ, "ಯಾವ ತಿಂಗಳು ನಿಮ್ಮ ಕೈಯಲ್ಲಿ ದುಡ್ಡು ಓಡಾಡುತ್ತದೆ" ಎಂಬುದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಆ ಎರಡು ತಿಂಗಳು ನನ್ನ ಟೆಂಪೊ ಮನೆಯ ಮುಂದೆ ತಾಡಪತ್ರಿ ಹೊದ್ದು ನಿಂತಿರುತ್ತದೆ ಎಂದೆ. ಅದನ್ನು ಕೇಳಿಕೊಂಡು, ಕಂಪನಿಯ ಪ್ರತಿನಿಧಿಯನ್ನೂ ಒಪ್ಪಿಸಿ, ಏಪ್ರಿಲ್, ಮೇ, ಸೆಪ್ಟೆಂಬರ್, ಅಕ್ಟೋಬರ್ ಎಂದು ತಲಾ 55,000ದ ನಾಲ್ಕು ಕಂತು ಬರೆಸಿದರು. ಬ್ಯಾಂಕಿನವರಾಗಲಿ ಫೈನಾನ್ಸಿನವರಾಗಲಿ ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 21ನೇ ಕಲಮಿನ ಪ್ರಕಾರ ಈ ರಾಜಿ ಆದೇಶವು ಸಿವಿಲ್ ನ್ಯಾಯಾಲಯದ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ಸಮಾನ, ಅದರ ಮೇಲೆ ಅಪೀಲು ಇಲ್ಲ. ಇದು ಎರಡೂ ಕಡೆ ಕೊಯ್ಯುವ ಕತ್ತಿ. ಕಂಪನಿ ನಾಳೆ ಬಂದು ಹಳೆಯ 3,42,000 ಕೊಡು ಎನ್ನುವಂತಿಲ್ಲ. ಹಾಗೆಯೇ ನಾನು ಕಂತು ತಪ್ಪಿಸಿದರೆ ಅವರು ಹೊಸದಾಗಿ ದಾವೆ ಹೂಡುವ ಅಗತ್ಯವೇ ಇಲ್ಲದೆ ನೇರವಾಗಿ ಡಿಕ್ರಿ ಜಾರಿಗೆ ಹೋಗಬಹುದು. ಸಹಿ ಹಾಕುವ ಮುನ್ನ ಇದು ತಲೆಯಲ್ಲಿ ಇರಬೇಕು.

ನಾನು ಮಾಡಿದ ತಪ್ಪೂ ಸಹಿಯ ಹೊತ್ತಿನದೇ. ಮೊತ್ತ, ಕಂತು, ದಿನಾಂಕ ಇವಿಷ್ಟನ್ನೇ ನೋಡಿ ಸಹಿ ಹಾಕಿದೆ. "ಏಳು ದಿನದೊಳಗೆ ವಸೂಲಾತಿ ಏಜೆನ್ಸಿಗೆ ಕೊಟ್ಟ ನನ್ನ ಖಾತೆಯನ್ನು ಹಿಂದಕ್ಕೆ ಪಡೆಯತಕ್ಕದ್ದು, ಭದ್ರತೆಗೆ ಪಡೆದ ಚೆಕ್ಕುಗಳನ್ನು ಕೊನೆಯ ಕಂತಿನ ದಿನ ಮರಳಿಸತಕ್ಕದ್ದು" ಎಂಬ ಎರಡು ಸಾಲು ಸೇರಿಸಿ ಎಂದು ನಾನೇ ಕೇಳಿದ್ದರೆ, ಎದುರು ಕುಳಿತ ಪ್ರತಿನಿಧಿ ಆ ಗಳಿಗೆಯಲ್ಲಿ ಇಲ್ಲ ಎನ್ನುತ್ತಿರಲಿಲ್ಲ. ಕೇಳಬೇಕೆಂದು ತೋಚಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ 7.20ಕ್ಕೆ, ಬಂದರಿನಲ್ಲಿ ಬಂಗಡೆಯ ಹರಾಜು ಕೂಗುತ್ತಿರುವಾಗ, ಮೊದಲ ಕರೆ ಬಂತು. ಹಿಂದಿಯಲ್ಲಿ ಮಾತನಾಡಿದವನಿಗೆ ರಾಜಿಯ ವಿಷಯವೇ ಗೊತ್ತಿರಲಿಲ್ಲ. ಹೇಳಿದರೆ, ಸಿಸ್ಟಮ್‌ನಲ್ಲಿ ಹಾಗೇನೂ ತೋರಿಸುತ್ತಿಲ್ಲ ಎಂದ. ಮರುದಿನ ಇನ್ನೊಬ್ಬಳು, ಅದರ ಮರುದಿನ ಮತ್ತೊಬ್ಬ. ಮೂರನೆಯ ವಾರದಲ್ಲಿ, ಸಾಲದ ಅರ್ಜಿಯಲ್ಲಿ ರೆಫರೆನ್ಸ್ ಎಂದು ಹೆಸರು ಕೊಟ್ಟಿದ್ದ ಕುಮಟಾದ ನಮ್ಮ ಭಾವನವರಿಗೂ ಫೋನು ಹೋಯಿತು. ಅವರು ಜಾಮೀನುದಾರರಲ್ಲ, ಸಾಲಕ್ಕೂ ಅವರಿಗೂ ಸಂಬಂಧವಿಲ್ಲ. ನನಗೆ ನಿಜವಾಗಿ ಸಿಟ್ಟು ಬಂದದ್ದು ಆ ದಿನ.

ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರಂದು ಹೊರಡಿಸಿದ ಸುತ್ತೋಲೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಬಾಕಿ ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರನಿಗೆ ಕರೆ ಮಾಡುವಂತಿಲ್ಲ, ಬೆದರಿಸುವುದು, ಸಾಲಗಾರನ ಕುಟುಂಬ, ಸ್ನೇಹಿತರು, ರೆಫರೆನ್ಸ್ ಕೊಟ್ಟವರ ಖಾಸಗಿತನಕ್ಕೆ ಕೈಹಾಕುವುದು ಸಲ್ಲದು, ಏಜೆಂಟರು ಮಾಡಿದ್ದಕ್ಕೆ ಅವರನ್ನು ನೇಮಿಸಿದ ಸಂಸ್ಥೆಯೇ ಹೊಣೆ. ಆದರೆ ಫೋನಿನಲ್ಲಿ ಸುತ್ತೋಲೆ ಓದಿ ಹೇಳಿದರೆ ಅತ್ತ ಕಡೆಯವರು ಫೋನ್ ಇಡುತ್ತಾರೆ, ಅಷ್ಟೇ. ಹೀಗಾಗಿ ಮೀನಿನ ತೂಕ ಬರೆಯುವ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ದಿನಾಂಕ, ಹೊತ್ತು, ನಂಬರು, ಹೇಳಿಕೊಂಡ ಹೆಸರು, ಆಡಿದ ಮಾತು ಎಂದು ಐದು ಗೆರೆ ಎಳೆದು ಪ್ರತಿ ಕರೆಯನ್ನೂ ಬರೆಯತೊಡಗಿದೆ. ಐದು ವಾರದಲ್ಲಿ 23 ಕರೆ. ಅವುಗಳಲ್ಲಿ ಆರು ಬೆಳಿಗ್ಗೆ 8ರ ಒಳಗಿನವು. ಮುಂದೆ ಕೆಲಸಕ್ಕೆ ಬಂದದ್ದು ನನ್ನ ಕೂಗಾಟವಲ್ಲ, ಮೀನಿನ ವಾಸನೆ ಹಿಡಿದಿದ್ದ ಆ ಹಾಳೆಗಳು.

ಒಂದು ದಿನ ಏಜೆಂಟನೊಬ್ಬ ಮನೆಗೇ ಬಂದ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ, ಬಿಸಿಲಿನಲ್ಲಿ ಬೈಕು ಓಡಿಸಿಕೊಂಡು ಬಂದು ಬೆವೆತಿದ್ದ. ಹೆಂಡತಿ ನೀರು ಕೊಟ್ಟಳು. ಗುರುತಿನ ಚೀಟಿ, ಕಂಪನಿಯ ಅಧಿಕಾರ ಪತ್ರ ತೋರಿಸಪ್ಪ ಎಂದೆ. ಚೀಟಿ ಇತ್ತು, ಪತ್ರ ಇರಲಿಲ್ಲ. ಅದಾಲತ್‌ನ ಆದೇಶವನ್ನು ಅವನ ಮುಂದಿಟ್ಟಾಗ ಎರಡು ಸಲ ಓದಿ, "ಅಣ್ಣಾ, ನನಗೆ ಕೊಟ್ಟ ಲಿಸ್ಟ್‌ನಲ್ಲಿ ನಿಮ್ಮ ಹೆಸರಿದೆ, ನನಗೆ ಗೊತ್ತಿರುವುದು ಅಷ್ಟೇ" ಎಂದು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡು ಹೋದ. ಅವನು ಮತ್ತೆ ಬರಲಿಲ್ಲ. ರಾಜಿಗೆ ಬಂದದ್ದು ಕಂಪನಿಯ ಕಾನೂನು ವಿಭಾಗ, ಫೋನು ಮಾಡುತ್ತಿದ್ದುದು ಬೇರೆ ಊರಿನ ಏಜೆನ್ಸಿ, ಮನೆಗೆ ಬಂದವನು ಆ ಏಜೆನ್ಸಿಯ ಕೆಳಗಿನ ಇನ್ನೊಂದು ಏಜೆನ್ಸಿಯವನು. ಒಬ್ಬರ ಕಾಗದ ಇನ್ನೊಬ್ಬರನ್ನು ತಲುಪದೆ ಇರುವುದೇ ಇಡೀ ಗೋಳಿನ ಮೂಲ ಎಂದು ನನಗೆ ಅರ್ಥವಾದದ್ದು ಆಗ.

ಆ ಹುಡುಗನಿಗೆ ಕನ್ನಡ ಓದಲು ಬರುತ್ತಿತ್ತು. ಆದೇಶ ಇದ್ದದ್ದು ಕನ್ನಡದಲ್ಲಿ, ಅದು ಸರಿಯೂ ಹೌದು. ಮನೆಯಲ್ಲಿ ಕೊಂಕಣಿ ಆಡುವ ನನಗೂ ಕೋರ್ಟಿನ ಕಾಗದ ಕನ್ನಡದಲ್ಲಿದ್ದರೇ ಸಮಾಧಾನ. ಆದರೆ ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಹೊರಗಿನ ಏಜೆನ್ಸಿಯವರಿಗೆ ಅದು ಮುದ್ರೆ ಬಿದ್ದ ಒಂದು ಚಿತ್ರ ಮಾತ್ರ. ಹಾಗಾಗಿ ಪ್ರಕರಣದ ಸಂಖ್ಯೆ, ದಿನಾಂಕ, ಮೊತ್ತ, ಕಂತುಗಳ ವಿವರವನ್ನು ಅರ್ಧ ಪುಟದ ಇಂಗ್ಲಿಷಿನಲ್ಲಿ ಬರೆಸಿ, ಆದೇಶದ ದೃಢೀಕೃತ ಪ್ರತಿಯ ನಕಲು, ಕಟ್ಟಿದ ಕಂತಿನ ರಸೀದಿ, ನೋಟ್‌ಬುಕ್ಕಿನ ಹಾಳೆಗಳ ಜೆರಾಕ್ಸ್ ಜೊತೆಗಿಟ್ಟು ಕಂಪನಿಯಲ್ಲಿ ದೂರುಗಳನ್ನು ನೋಡಿಕೊಳ್ಳುವ ಗ್ರೀವೆನ್ಸ್ ಆಫೀಸರ್‌ಗೆ ಸ್ಪೀಡ್ ಪೋಸ್ಟ್ ಮಾಡಿದೆ. ಅದನ್ನೇ ಇಮೇಲಿನಲ್ಲೂ ಕಳಿಸಿದೆ. ಈ ಅಧಿಕಾರಿಯ ಹೆಸರು, ನಂಬರನ್ನು ಶಾಖೆಯ ಗೋಡೆಯ ಮೇಲೆ ಹಾಕಿರಲೇಬೇಕು. ನಾನು ಕೇಳಿದ್ದು ಮೂರೇ: ಖಾತೆಯನ್ನು ಎಲ್ಲ ಏಜೆನ್ಸಿಗಳಿಂದ ಹಿಂದಕ್ಕೆ ಪಡೆಯಿರಿ, ಭಾವನವರ ನಂಬರನ್ನು ಅಳಿಸಿ, ಇಂದಿನವರೆಗೆ ಯಾವ ಏಜೆನ್ಸಿಗೆ ನನ್ನ ಖಾತೆ ಕೊಟ್ಟಿದ್ದಿರಿ ಎಂದು ಬರೆದು ತಿಳಿಸಿ.

ಈ ನಡುವೆ ಇನ್ನೊಂದು ಕಡೆಯಿಂದ ಪೆಟ್ಟು ಬಿತ್ತು. ರಾಜಿ ಆಗಿದ್ದರೂ ನನ್ನ ಬ್ಯಾಂಕ್ ಖಾತೆಯ ಮೇಲಿದ್ದ ಹಳೆಯ ನ್ಯಾಚ್ ಮ್ಯಾಂಡೇಟ್, ಅಂದರೆ ಕಂತನ್ನು ಖಾತೆಯಿಂದ ತಾನಾಗಿ ಎಳೆದುಕೊಳ್ಳಲು ಕೊಟ್ಟಿದ್ದ ಒಪ್ಪಿಗೆ, ಹಾಗೇ ಇತ್ತು. ಐದನೆಯ ತಾರೀಕು ಹಳೆಯ ಕಂತನ್ನು ಎಳೆಯಲು ಹೋಗಿ, ಹಣ ಸಾಲದೆ ಬೌನ್ಸ್ ಆಗಿ, ಅದಕ್ಕೆ ದಂಡವೂ ಬಿತ್ತು. ರಾಜಿಯ ಮರುದಿನವೇ ನಿಮ್ಮ ಬ್ಯಾಂಕಿಗೆ ಹೋಗಿ ಆ ಮ್ಯಾಂಡೇಟ್ ರದ್ದು ಮಾಡಲು ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದಿನ ಕಂತುಗಳನ್ನು ಆದೇಶದಲ್ಲಿ ಹೇಳಿದ ರೀತಿಯಲ್ಲೇ, ಆದೇಶದಲ್ಲಿ ಹೇಳಿದ ಖಾತೆಗೇ ಕಟ್ಟಿ; ಫೋನಿನಲ್ಲಿ ಯಾರೋ ಕಳಿಸುವ ಕ್ಯೂಆರ್ ಕೋಡಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಕಂಪನಿಯ ಉತ್ತರ 27ನೆಯ ದಿನ ಬಂತು, ವಿಷಾದದ ಎರಡು ಸಾಲಿನೊಂದಿಗೆ. ಅಷ್ಟರಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕು, ಫೈನಾನ್ಸುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ) ಬರೆದ ದೂರು ಲಕೋಟೆಯೊಳಗೆ ಸಿದ್ಧವಾಗಿ ಮೇಜಿನ ಮೇಲೆ ಕುಳಿತಿತ್ತು. 2021ರ ನವೆಂಬರ್ 12ರಂದು ಆರಂಭವಾದ ಸಮಗ್ರ ಒಂಬುಡ್ಸ್‌ಮನ್ ಯೋಜನೆಯಲ್ಲಿ ಮೊದಲು ಸಂಸ್ಥೆಗೇ ಲಿಖಿತ ದೂರು ಕೊಟ್ಟು, 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿ ಇಲ್ಲದಿದ್ದರೆ ಮಾತ್ರ ಮುಂದೆ ಹೋಗಬೇಕು. ಚಂಡೀಗಢದಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸುವ ದೂರು ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ, ಕನ್ನಡದಲ್ಲೂ. ಮಾಹಿತಿಗೆ 14448 ಎಂಬ ಫೋನ್ ನಂಬರು ಇದೆ. ಒಂದು ಸೂಕ್ಷ್ಮವನ್ನು ಮಾತ್ರ ಮರೆಯಬಾರದು: ನ್ಯಾಯಾಲಯದಲ್ಲಿ ತೀರ್ಮಾನವಾದ ವಿಷಯದ ಮೇಲೆಯೇ ದೂರು ಕೊಟ್ಟರೆ ಅದನ್ನು ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಸಾಲದ ಮೊತ್ತದ ಮಾತೆತ್ತದೆ, ರಾಜಿಯ ನಂತರ ಬಂದ ಕರೆಗಳ ಬಗ್ಗೆ ಮಾತ್ರ ಬರೆಯಬೇಕು. ನನ್ನ ಲಕೋಟೆಯನ್ನು ಅಂಚೆಗೆ ಹಾಕುವ ಪ್ರಸಂಗ ಬರಲಿಲ್ಲ. ಉತ್ತರ ಬಂದ ಮೇಲೆ ಎರಡು ಕರೆ ಬಂದು, ಆಮೇಲೆ ನಿಂತವು.

ಸಾಲಮುಕ್ತಿ ಮಾಡಿಸಿಕೊಡುತ್ತೇವೆ, ಕರೆಗಳನ್ನು ನಾವೇ ನೋಡಿಕೊಳ್ಳುತ್ತೇವೆ ಎಂದು ಮುಂಗಡ ಕೇಳುವ ಜಾಹೀರಾತುಗಳೂ ಅದೇ ದಿನಗಳಲ್ಲಿ ಮೊಬೈಲಿಗೆ ಬರುತ್ತಿದ್ದವು. ಇಂಥ ಸಾಲಮನ್ನಾ ಪ್ರಚಾರಗಳ ವಿರುದ್ಧ ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್‌ನಲ್ಲೇ ಎಚ್ಚರಿಸಿದೆ. ಅವರು ಮಾಡುವ ಪತ್ರವ್ಯವಹಾರ ನಾನು ಮಾಡಿದ್ದಕ್ಕಿಂತ ಹೆಚ್ಚಿನದೇನೂ ಆಗಲಾರದು ಎಂಬುದು ನನ್ನ ಅಭಿಪ್ರಾಯ. ನನಗೆ ಖರ್ಚಾದದ್ದು ಅಂಚೆ ಮತ್ತು ಜೆರಾಕ್ಸಿನ ದುಡ್ಡು.

ಲೋಕ ಅದಾಲತ್‌ಗೆ ನಾನು ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ಕಂಪನಿಯ ರಾಜಿಯ ನಂತರದ ನಡವಳಿಕೆಗೆ ಒಂದು. ಅಕ್ಟೋಬರ್‌ನ ಕೊನೆಯ ಕಂತಿನ ನಂತರ ಬಾಕಿ ಇಲ್ಲವೆಂಬ ಪತ್ರ ಮೂರನೆಯ ವಾರದಲ್ಲಿ ಬಂತು, ಚೆಕ್ಕುಗಳು ಅದರ ನಂತರ. ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ಖಾತೆಯ ಮುಂದೆ ಈಗ 'ಸೆಟಲ್ಡ್' ಎಂದಿದೆ. ಪೂರ್ತಿ ಕಟ್ಟದೆ ರಾಜಿಯಾದುದರಿಂದ ಅದು ನ್ಯಾಯವೇ, ಆ ಮಾತು ಮುಂದಿನ ಸಾಲಕ್ಕೆ ಅಡ್ಡ ಬರುತ್ತದೆ ಎಂಬುದೂ ನಿಜ. ಆದರೆ ಬಾಕಿ ಮೊತ್ತದ ಜಾಗದಲ್ಲಿ ಸೊನ್ನೆ ಇರಬೇಕಿತ್ತು, ನನ್ನದರಲ್ಲಿ ಹಳೆಯ ಅಂಕಿಯೇ ಉಳಿದಿತ್ತು. ತಿದ್ದುಪಡಿಗೆ ಅರ್ಜಿ ಹಾಕಿದ್ದೇನೆ. 30 ದಿನ ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮವಿದೆ. ಇಂದಿಗೆ ಹತ್ತೊಂಬತ್ತು ದಿನವಾಗಿದೆ.